ಗಾಳಿಕಿಂಡಿಗೆ ತುರುಕಿದ ಫೋಮು

ರೇಖಾ, ನಿನ್ನ ಅವ್ವ ಸತ್ತದ್ದು ಗಂಗವ್ವನ ತಪ್ಪಿನಿಂದಲ್ಲ. ನನ್ನ ಕೈಕೆಲಸದಿಂದ. ಇಷ್ಟು ವರ್ಷ ಇದನ್ನು ನುಂಗಿಕೊಂಡು ನಿಮ್ಮ ಓಣಿಯಲ್ಲೇ ಓಡಾಡಿದೆ, ನಿಮ್ಮ ಮನೆಯ ಚಹಾ ಕುಡಿದೆ. ನೀನು "ದಾವಲಕಾಕಾ" ಎಂದು ಕರೆದಾಗಲೆಲ್ಲ ಓ ಅಂದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು, ಹೊಸ ಮನೆಗಳು — ಪರದೆ ಹೊಲಿಯುವ ನನಗೆ ಕೈತುಂಬ ಕೆಲಸ. ಹುಬ್ಬಳ್ಳಿಯಲ್ಲಿ ಬ್ಲೈಂಡ್ಸ್ ಕೂರಿಸುವುದನ್ನೂ ಕಲಿತು ಬಂದಿದ್ದೆ. ಬೆಟಗೇರಿಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು ಬೇರೆ. ನಿನ್ನ ಸೋದರಮಾವ ವಿರುಪಣ್ಣ ಮಗ್ಗ ಬಿಟ್ಟು ಗಿರಣಿಯ ರಾತ್ರಿಪಾಳಿಗೆ ಸೇರಿದ್ದ. ಹಗಲು ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಲೇ ದಾವಲ್ಯಾ, ಹಿತ್ತಲ ಖೋಲಿ ಅಮಾಸಿ ಆಗಬೇಕ್ ನೋಡು. ಸೂಜಿಯಷ್ಟು ಬೆಳಕು ಬಂದ್ರ ನಿನ್ನ ಹಿಡ್ಕೊಂಡ್ ಬಂದು ಕಿಟಕಿಗೆ ಅಡ್ಡ ನಿಲ್ಲಸ್ತೀನಿ" ಎಂದು ನಕ್ಕಿದ್ದ.

ದಪ್ಪ ಬಟ್ಟೆಯ ಬ್ಲೈಂಡ್ಸ್ ಇಳಿಬಿಟ್ಟೆ, ಎರಡೂ ಬದಿಗೆ ಪಟ್ಟಿ ಬಡಿದೆ, ಸಂದಿಗೆಲ್ಲ ಕಪ್ಪು ಟೇಪು ಹಚ್ಚಿದೆ. ಆದರೂ ಮೇಲಿನ ಗಾಳಿಕಿಂಡಿಯಿಂದ ಬೆಳಕು ಸೋರುತ್ತಿತ್ತು. ಅದಕ್ಕೆ ಫೋಮು ತುರುಕಿ, ಮುಂದೊಂದು ಕರಿಬಟ್ಟೆ ಇಳಿಬಿಟ್ಟೆ. ಬಟ್ಟೆಯ ಹಿಂದೆ ಏನಿದೆ ಎಂದು ವಿರುಪಣ್ಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಕು ಮುಚ್ಚಿದರೂ ಗಾಳಿಗೆ ದಾರಿ ಬಿಡಬೇಕು ಎಂದು ಕಲಿಸಿದವರು ಹೇಳಿದ್ದರು. ಗೊತ್ತಿತ್ತು ನನಗೆ —

ಆ ಚಳಿಗಾಲದಲ್ಲಿ ನಿನ್ನ ಅವ್ವ ಶಾರದಾ ಹೆರಿಗೆಗೆ ತವರಿಗೆ ಬಂದಳು. ನೀನು ಹುಟ್ಟಿದೆ. ಬಾಣಂತಿಗೆ ಗಾಳಿ ಸೋಕಬಾರದಲ್ಲ, ಅದಕ್ಕೆ ಮನೆಯವರೆಲ್ಲ ಆ ಖೋಲಿಯನ್ನೇ ಆರಿಸಿದರು. ಅವಳನ್ನು ಅಲ್ಲಿಗೆ ಕರೆತಂದ ದಿನ ನಾನು ಬ್ಲೈಂಡ್ಸಿನ ಹಗ್ಗ ಸರಿಪಡಿಸಲು ಬಂದಿದ್ದೆ. ಓಣಿಯ ಬಾಣಂತನಗಳನ್ನೆಲ್ಲ ಮಾಡಿದ ಗಂಗವ್ವ, ನನ್ನ ಹೆಂಡತಿಯ ಎರಡು ಬಾಣಂತನ ಮಾಡಿದವಳೂ ಅವಳೇ, ಕೆಂಡದ ಶೆಗಡಿ ಹಿಡಿದು ನಿಂತಿದ್ದಳು.

"ಯಪ್ಪಾ ದಾವಲಾ, ಗಾಳಿ ಸುಳಿಯೂದಿಲ್ಲ ಹೌದಲ್ಲೋ?"

"ನೂಲಿನೆಳಿ ಸೈತ ಒಳಗ ಬರೂದಿಲ್ಲಬೇ."

"ಹಂಗಾರ ಛಲೋ ಆತು. ಹೊರಸಿನ ಬುಡಕ ಶೆಗಡಿ ಇಡ್ತೀನಿ. ಝಳಾ ಹೋಗಾಕ ಮ್ಯಾಲ ಕಿಂಡಿ ಐತಲ್ಲ."

ನಾನು ಹಗ್ಗ ಒಮ್ಮೆ ಎಳೆದು ನೋಡಿ, ಸಾಮಾನು ಚೀಲಕ್ಕೆ ಹಾಕಿಕೊಂಡೆ. ಫೋಮು ಕೀಳಲು ಐದು ನಿಮಿಷ ಸಾಕಿತ್ತು. ಬೆಳಕು ಬಂದರೆ ಕೆಲಸ ಕೆಟ್ಟಿತು ಅಂದಾರು ಎಂದುಕೊಂಡೆನೇ? — ಇಲ್ಲ, ಖರೆ ಹೇಳಬೇಕೆಂದರೆ, ಏಣಿಯನ್ನು ಆಗಲೇ ಮಡಚಿದ್ದೆ. ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಗಂಗವ್ವ ಖೋಲಿಯ ಬಾಗಿಲು ಮುಚ್ಚಿ, ನಿನ್ನನ್ನು ಬಚ್ಚಲಿಗೆ ಒಯ್ದು, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆದಳು. ತಿರುಗಿ ಬಂದಾಗ ನಿನ್ನ ಅವ್ವ ಏಳಲಿಲ್ಲ.

ಚೀರಾಟ ಕೇಳಿ ನಾನೂ ಓಡಿಬಂದೆ. ಎಲ್ಲರೂ ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿದ್ದರು. ಖೋಲಿ ಖಾಲಿ. ಹೊರಸಿನ ಮೇಲೆ ಹತ್ತಿ, ಕರಿಬಟ್ಟೆ ಸರಿಸಿ ಫೋಮು ಕಿತ್ತು, ಅಂಗಿಯೊಳಗೆ ತುರುಕಿಕೊಂಡೆ. ಅವಳ ಹಾಸಿಗೆ ಇನ್ನೂ ಬೆಚ್ಚಗಿತ್ತು, ರೇಖಾ.

ಕೆಂಡದ ವಿಷಗಾಳಿಗೆ ಉಸಿರುಗಟ್ಟಿದೆ ಎಂದು ಹೇಳಿ, ಖೋಲಿಯಲ್ಲಿ ಗಾಳಿಗೆ ದಾರಿ ಇತ್ತೇ ಎಂದು ಡಾಕ್ಟರು ಕೇಳಿದರು. ಎಲ್ಲರೂ ಕಿಂಡಿ ತೋರಿಸಿದರು. ಕರಿಬಟ್ಟೆಯ ಹಿಂದೆ ಕಿಂಡಿ ತೆರೆದೇ ಇತ್ತು. ಹಾಗಾದರೆ ಕೆಂಡವೇ ಹೆಚ್ಚಾಗಿರಬೇಕು ಎಂದಾಯಿತು. ನಿನ್ನ ಅಜ್ಜಿ ಗಂಗವ್ವನ ಸೆರಗು ಹಿಡಿದು ಜಗ್ಗಿದಳು: "ನನ್ನ ಮಗಳ ಜೀವಾ ತಗೊಂಡಿ. ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ." ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ.

ಗಂಗವ್ವ ಹರ್ತಿಯ ಮಗಳ ಮನೆ ಸೇರಿದಳು. ಒಮ್ಮೆ ಅಲ್ಲಿಗೆ ಹೋಗಿದ್ದೆ. ಕೈ ಹಿಡಿದು ಕೇಳಿದಳು:

"ದಾವಲಾ, ನೀ ಖೋಲಿ ನೋಡಿದಾಂವ. ಒಂದ್ ಸವಟು ಕೆಂಡ ಹೆಚ್ಚಿಗಿ ಹಾಕಿದ್ನೇನೋ? ಎಷ್ಟ್ ಯೋಚ್ನಿ ಮಾಡಿದ್ರೂ ನೆನಪಾಗವಲ್ದು."

"ಆಗೂದು ಆತು, ಬಿಡಬೇ" ಅಂದೆ. ಅವಳಿಗೆ ಸಮಾಧಾನ ಹೇಳಿದೆ ನಾನು — ಅವಳನ್ನು ಕ್ಷಮಿಸಿದವನ ಹಾಗೆ.

ಮೊನ್ನೆ ನೀನು, ತುಂಬಿದ ಬಸುರಿ, ನನ್ನೆದುರಿಗೇ ಗಂಡನಿಗೆ ಹೇಳಿದೆ: "ಗಂಗವ್ವ ಅಂತ ಒಬ್ಬಾಕಿ ಇದ್ಲು, ನಮ್ಮವ್ವನ್ನ ಕೊಂದಾಕಿ." ಆಗಲೂ ಚಹಾದ ಕಪ್ಪು ಕೆಳಗಿಡಲಿಲ್ಲ ನಾನು.

ಈ ಕಾಗದವನ್ನು ವಿರುಪಣ್ಣನ ಎದುರು ನಾನೇ ಓದಿ ನಿನ್ನ ಕೈಗೆ ಕೊಡುತ್ತೇನೆ. ಅವನು ಹೊಡೆದರೆ ಹೊಡೆಯಲಿ. ಆಮೇಲೆ ಹರ್ತಿಗೆ ಹೋಗುತ್ತೇನೆ. ಗಂಗವ್ವನಿಗೆ ಈಗ ಕಣ್ಣು ಕಾಣುವುದಿಲ್ಲ, ಕಿವಿ ಕೇಳುತ್ತದೆ. ಕೆಂಡ ಹೆಚ್ಚಾಗಿರಲಿಲ್ಲಬೇ, ನಾನೇ ಕಿಂಡಿ ಮುಚ್ಚಿದ್ದೆ ಎಂದು ಅವಳ ಮಗಳು, ಮೊಮ್ಮಕ್ಕಳೆಲ್ಲ ಕೇಳುವಂತೆ ಹೇಳುತ್ತೇನೆ. ನೀನೂ ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಇಷ್ಟು ಮಾತ್ರ ಗೊತ್ತಿರಲಿ — ನಿನ್ನ ನಂತರ ಅವಳ ಕಾಲ ಮೇಲೆ ಯಾರೂ ಕೂಸು ಮಲಗಿಸಲಿಲ್ಲ.