ಪಡವಲ ಚಪ್ಪರದ ಕೆಳಗೆ ದೊಡ್ಡ ಸಾರ್

ದೊಡ್ಡ ಸಾರ್ ಸೊಂಟಕ್ಕೆ ಬೆಲ್ಟ್ ಕಟ್ಟುತ್ತಿರಲಿಲ್ಲ. ಹತ್ತಿಯ ಹಗ್ಗವೊಂದನ್ನು ಪ್ಯಾಂಟಿನ ಮೇಲೆ ಎರಡು ಸುತ್ತು ಬಿಗಿದು, ಎಡಗಡೆ ಗಂಟು ಹಾಕಿ, ಉಳಿದ ತುದಿಯನ್ನು ಜೇಬಿಗೆ ತುರುಕುತ್ತಿದ್ದರು. ಅಂಗಿಯ ಗುಂಡಿಗಳು ತೆಂಗಿನ ಚಿಪ್ಪಿನವು. ಕನ್ನಡಕದ ಕಡ್ಡಿಗೆ ತಿರುಪಿನ ಬದಲು ನೂಲು. ನೆಲದ ಕಾಂತಬಲ ಅಳೆಯುವ ಯಂತ್ರ ಹೊತ್ತು ನಡೆಯುವಾಗ ಮೈಮೇಲಿನ ಕಬ್ಬಿಣ ತೆಗೆದಿಡುವುದು ನಮ್ಮ ಕಸುಬಿನವರೆಲ್ಲ ಪಾಲಿಸುವ ನಿಯಮ. ಇವರು ಮದುವೆಮನೆಗೂ ಹಾಗೇ ಹೋಗುತ್ತಿದ್ದರು. ಕೇಳಿದರೆ, "ಮೈಮೇಲೆ ಕಬ್ಬಿಣ ಇದ್ರೆ ಯಂತ್ರ ನಿನ್ನನ್ನೇ ಅಳೆಯುತ್ತೆ ಕಣಯ್ಯ. ಆಮೇಲೆ ಅದಿರು ಸಿಕ್ತು ಅಂತ ನಿನ್ನನ್ನೇ ಅಗೀತಾರೆ," ಅನ್ನುತ್ತಿದ್ದರು.

ಒಂದು ಕಡೆ ಕೂತದ್ದನ್ನು ನಾನು ನೋಡಿದವನಲ್ಲ. ಕೂತರೂ ಬಲಗಾಲು ಹೊಲಿಗೆ ಯಂತ್ರದ ಪೆಡಲ್ ಮೇಲಿದ್ದಂತೆ ಕುಣಿಯುತ್ತಿತ್ತು. ಊಟವನ್ನು ನಿಂತೇ ಮಾಡುತ್ತಿದ್ದರು. ನೀವು ವಾಕ್ಯ ಮುಗಿಸುವ ಮೊದಲೇ "ಸರಿ ಸರಿ, ಮುಂದೆ?" ಎನ್ನುತ್ತಿದ್ದರು. ಅವರು ಕೋಲಾರದ ಗಣಿ ಕಡೆಯವರು. ಚಿಕ್ಕಂದಿನಲ್ಲಿ ಗಣಿಯ ಆಳದಲ್ಲಿ ಬಂಡೆ ಸಿಡಿದಾಗಲೆಲ್ಲ ಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವಂತೆ. "ನೆಲ ನಡುಗೋ ಊರಲ್ಲಿ ಹುಟ್ಟಿದೋನು ನಾನು. ನೆಟ್ಟಗೆ ಕೂರೋದು ಯಾರು ಕಲಿಸ್ತಾರೆ?" ಎಂದು ನಕ್ಕಿದ್ದರು.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿ. ನಾನು ಭೂವಿಜ್ಞಾನ ಓದಿ, ಅದಕ್ಕೆ ತಕ್ಕ ಕೆಲಸ ಸಿಗದೆ ಚಿನ್ನಮನೂರಿನಲ್ಲಿ ದ್ವಿಚಕ್ರ ವಾಹನ ಮಾರುತ್ತಿದ್ದೆ. ಆಗ ತೇನಿಯ ಹೊರಗೆ ಒಂದು ಅಕ್ಕಿ ಗೋದಾಮನ್ನು ಬಾಡಿಗೆಗೆ ಹಿಡಿದು ಅವರ ಖನಿಜ ಸಮೀಕ್ಷೆಯ ತಂಡ ಬೀಡುಬಿಟ್ಟಿತು. ಕೆಲಸ ಕೇಳಲು ಹೋದೆ. ನಾನು ಫೋನಿನಲ್ಲಿ ಅಮ್ಮನ ಜೊತೆ ಮನೆಮಾತಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಧಡಕ್ಕನೆ ತಿರುಗಿದರು. "ಏನಯ್ಯ, ಕನ್ನಡ! ಬರೆಯೋಕೆ ಬರುತ್ತಾ?" ಬರುವುದಿಲ್ಲ ಅಂದೆ. ತಲೆಮಾರುಗಳಿಂದ ನಮ್ಮವರಿಗೆ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ, ಬರೆಯುವುದೆಲ್ಲ ತಮಿಳು. "ಕಲಿಸ್ತೀನಿ. ನಾಳೆಯಿಂದ ಬಾ," ಅಂದರು. ನನ್ನ ಅಂಕಪಟ್ಟಿಯನ್ನು ಅವರು ನೋಡಲೇ ಇಲ್ಲ.

ನಮ್ಮ ಹೆಲಿಕಾಪ್ಟರ್ ಒಂದು ಮನೆಯಂಗಳದಷ್ಟು ಅಗಲದ ಬಳೆಯನ್ನು ಕೆಳಗೆ ತೂಗಿಸಿಕೊಂಡು, ಹೊಲ ಉತ್ತ ಹಾಗೆ ಸಾಲು ಸಾಲಾಗಿ ಕಣಿವೆಯ ಮೇಲೆ ಹಾರುತ್ತಿತ್ತು. ಬಳೆಯಲ್ಲಿ ವಿದ್ಯುತ್ ಹರಿಸಿ ತಟ್ಟನೆ ನಿಲ್ಲಿಸಿದರೆ, ನೆಲದಡಿಯ ಗ್ರಾಫೈಟಿನಲ್ಲೋ ಲೋಹದ ಅದಿರಿನಲ್ಲೋ ಒಂದು ಗಳಿಗೆ ವಿದ್ಯುತ್ ಸುತ್ತಾಡಿ ಮೇಲಕ್ಕೆ ಸಣ್ಣ ಮರುದನಿ ಕೊಡುತ್ತದೆ. ಆ ಮರುದನಿಗಳನ್ನೆಲ್ಲ ಕೂಡಿಸಿದರೆ, ಒಂದು ಗುದ್ದಲಿಯೂ ತಾಗದೆ ನೆಲದಡಿಯ ನಕ್ಷೆ ಸಿಗುತ್ತದೆ. ತೊಂದರೆ ಏನೆಂದರೆ, ಮನುಷ್ಯ ಕಟ್ಟಿದ ತಂತಿಯೂ ಮರುದನಿ ಕೊಡುತ್ತದೆ. ನಮ್ಮ ಕಣಿವೆಯಲ್ಲಿ ದ್ರಾಕ್ಷಿ ಚಪ್ಪರಗಳಿಗೇನು ಕೊರತೆ? ಕಲ್ಲುಕಂಬಗಳ ಮೇಲೆ ತಂತಿಯ ಬಲೆ, ಎಕರೆಗಟ್ಟಲೆ. ಆದ್ದರಿಂದ ನನ್ನ ಕೆಲಸ ಊರೂರು ತಿರುಗಿ, ಕಬ್ಬಿಣ ಇರುವ ಕಡೆಯೆಲ್ಲ ನಕ್ಷೆಯಲ್ಲಿ ಗುರುತು ಹಾಕುವುದು. "ನೀನು ಈ ಮಣ್ಣಿನೋನು. ನಿನ್ನ ಕಣ್ಣು ತಪ್ಪಲ್ಲ," ಅಂದರು ದೊಡ್ಡ ಸಾರ್. ನನ್ನ ತಲೆಗೂ ಅದು ಸ್ವಲ್ಪ ಏರಿತ್ತು ಅನ್ನಿ.

ಎರಡು ತಿಂಗಳ ಹಾರಾಟ ಮುಗಿದಾಗ ನಮ್ಮೂರ ಪೂರ್ವಕ್ಕೆ ನಕ್ಷೆಯಲ್ಲಿ ಒಂದು ಕೆಂಪು ಮಚ್ಚೆ ಎದ್ದಿತು. ಅಷ್ಟು ಗಟ್ಟಿಯಾದ ಮರುದನಿ ಕಣಿವೆಯಲ್ಲೇ ಬೇರೆ ಇರಲಿಲ್ಲ. ನನ್ನ ಗುರುತುಗಳ ಪ್ರಕಾರ ಅಲ್ಲಿದ್ದದ್ದು ಬರೀ ತರಕಾರಿ ಹೊಲ. ದೊಡ್ಡ ಸಾರ್ ಅದನ್ನು ಕೊರೆಯಬೇಕಾದ ಜಾಗಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದು ಕಚೇರಿಗೆ ಕಳಿಸಿದರು. ಆ ಹೊಲ ನನ್ನ ಅತ್ತೆಯದು, ಅಪ್ಪನ ತಂಗಿಯದು.

ಸುದ್ದಿ ನಮಗಿಂತ ಮೊದಲು ಊರು ಸೇರಿತು. ಗಣಿ ಬರುತ್ತದಂತೆ, ಊರೇ ಎದ್ದು ಹೋಗಬೇಕಂತೆ ಎಂದು ಚಹಾ ಅಂಗಡಿಯಲ್ಲಿ ಬಾಯಿಗೆ ಬಂದದ್ದೆಲ್ಲ ಮಾತಾಯಿತು. ಅತ್ತೆ ಮುಂದಿನ ಬಿತ್ತನೆಗೆ ಇಟ್ಟಿದ್ದ ಬೀಜದ ಗಂಟನ್ನು ಅಟ್ಟಕ್ಕೆ ಏರಿಸಿಬಿಟ್ಟಳು. ಗಂಡನ ಜೊತೆ ನಿಂತು ಒಂದೊಂದೇ ಕಂಬ ನೆಡಿಸಿ ಮಾಡಿದ ತೋಟ ಅದು; ಅವಳಿಗಿದ್ದದ್ದು ಅದೊಂದೇ. ನನ್ನನ್ನು ಕಂಡು ಅವಳು ಬೈಯಲಿಲ್ಲ. "ಏನ್ರಾ, ನನ್ ತೋಟದಡಿಯಾಗೆ ಏನೋ ಐತಂತೆ? ನೀನೇ ಎಳುದಿ ಕೊಟ್ಟೆಯಂತೆ?" ಎಂದಷ್ಟೇ ಕೇಳಿದಳು. ಬರೆಯುವುದಕ್ಕೆ ನಮ್ಮವರು ಎಳುದುವುದು ಅನ್ನುತ್ತಾರೆ, ತಮಿಳಿನ ಹಾಗೆ. ಬೈದಿದ್ದರೆ ವಾಸಿ ಇತ್ತು.

ಕೊರೆಯುವ ಯಂತ್ರ ದಿಂಡಿಗಲ್‌ನಲ್ಲಿ ಬೇರೊಂದು ಕೆಲಸ ಮುಗಿಸಿ ನಿಂತಿತ್ತು. ಅದು ಬರುವ ಮೊದಲು ಜಾಗ ನೋಡೋಣವೆಂದು ದೊಡ್ಡ ಸಾರ್ ನನ್ನನ್ನು ಕರೆದುಕೊಂಡು ಹೊರಟರು. ಆಡಿ ತಿಂಗಳ, ಅಂದರೆ ಆಷಾಢದ ಗಾಳಿ ಕಣಿವೆಯನ್ನು ಗುಡಿಸುತ್ತಿತ್ತು. ಎಂದಿನಂತೆ ದಾಪುಗಾಲಲ್ಲಿ ಹೊಲಕ್ಕೆ ನುಗ್ಗಿದರು. ಎತ್ತರದ ಆಳು, ಎರಡನೇ ಸಾಲಿನಲ್ಲೇ ಜೋತ ತಂತಿಯೊಂದು ಅವರ ಟೋಪಿಯನ್ನು ಹಾರಿಸಿತು. ನಿಂತರು. ತಲೆಯೆತ್ತಿ ನೋಡಿದರು. ಹಸಿರೆಲೆಯ ನಡುವೆ ನೂರಾರು ಪಡವಲಕಾಯಿ ತೂಗುತ್ತಿದ್ದವು. ಎಲೆ ಸರಿಸಿದರೆ ಉದ್ದಕ್ಕೂ ಅಡ್ಡಕ್ಕೂ ಬಿಗಿದ ತಂತಿ.

ಒಂದು ಕಾಲದಲ್ಲಿ ಅದು ದ್ರಾಕ್ಷಿ ತೋಟ. ಬಳ್ಳಿ ಕಿತ್ತ ಮೇಲೂ ಕಂಬ ತಂತಿ ಬಿಟ್ಟು, ಅದರ ಮೇಲೆ ಪಡವಲ, ಹಾಗಲ ಹಬ್ಬಿಸುವುದು ನಮ್ಮಲ್ಲಿ ರೂಢಿ. ನಾವು ಹೊಲವನ್ನು ಕರೆಯುವುದು ಬೆಳೆಯ ಹೆಸರಿನಿಂದ. ದ್ರಾಕ್ಷಿ ಹೋಯಿತು ಅಂದರೆ ದ್ರಾಕ್ಷಿ ತೋಟವೂ ಹೋಯಿತು. ಚಿಕ್ಕಂದಿನಲ್ಲಿ ಆ ತಂತಿಗೇ ಜೋತಾಡಿ ಒದೆ ತಿಂದವನು ನಾನು. ಆದರೂ ಕೈ 'ತರಕಾರಿ' ಎಂದು ಬರೆದು ಮುಂದೆ ಹೋಗಿತ್ತು. ಹೊರಗಿನವನಾಗಿದ್ದರೆ ಒಳಹೊಕ್ಕು ನೋಡಿ ಬರೆಯುತ್ತಿದ್ದನೇನೋ. ನಾನು ರಸ್ತೆಯಿಂದಲೇ ಬರೆದಿದ್ದೆ.

"ಸಾರ್, ತಪ್ಪಾಯ್ತು," ಅಂದೆ. ಅವರು ಟೋಪಿ ಎತ್ತಿಕೊಂಡು, "ಸರಿ ಸರಿ. ಮುಂದೆ?" ಅಂದರು.

ಮುಂದಿನದು ಸುಲಭವಿರಲಿಲ್ಲ. ತಂತಿ ಇದೆ ಎಂದ ಮಾತ್ರಕ್ಕೆ ಅದರಡಿಯಲ್ಲಿ ಅದಿರು ಇಲ್ಲವೆಂದು ಆಗುವುದಿಲ್ಲ. ಕಚೇರಿಯವರು ಫೋನಿನಲ್ಲಿ ಕೇಳಿದ್ದು ಇಷ್ಟೇ: ತಂತಿ ಕತ್ತರಿಸಿ ನೆಲದ ಮೇಲೆ ಅಳೆಯಿರಿ, ಶುಕ್ರವಾರದೊಳಗೆ ಹೇಳಿ, ಇಲ್ಲದಿದ್ದರೆ ಕೊರೆಯುತ್ತೇವೆ. ಅತ್ತೆ ಚಪ್ಪರದ ಕೆಳಗೆ ಕೈಕಟ್ಟಿ ನಿಂತಿದ್ದಳು. "ಇನ್ನ ಎರಡು ಪರಿ ಕಾಯಿ ಕೀಳೋದೈತೆ ಸಾಮಿ. ಈಗ ಕಂಬಿ ಬಿಚ್ಚಿದ್ರೆ ಬಳ್ಳಿ ನೆಲಕ್ಕೆ ಬೀಳ್ತದೆ. ಕಾಯಿ ಆಗ್ಲಿ. ಆಮೇಲೆ ನಾನೇ ಬಿಚ್ಕೊಡ್ತೀನಿ. ಕಂಬಿ ಎಲ್ಲಿಗ್ ಓಡ್ತದೆ?"

ದೊಡ್ಡ ಸಾರ್ ಕಾಯಿಗಳನ್ನು ನೋಡಿದರು. ಕಚೇರಿಗೆ ಫೋನ್ ಮಾಡಿ, "ಹನ್ನೆರಡು ದಿನ ಬೇಕು," ಅಂದರು. ಆಚೆ ಕಡೆಯ ಕೂಗು ನನಗೂ ಕೇಳಿಸಿತು. ಕೊರೆಯುವ ಯಂತ್ರ ಕಾಯುತ್ತಿದೆ, ನಿಮ್ಮ ಕೆಲಸ ಉಳಿಯುವುದಿಲ್ಲ ಎನ್ನುತ್ತಿದ್ದರು. ಇವರು, "ನನ್ನ ಸಹಿ ಇಲ್ಲದೆ ಆ ಜಾಗಕ್ಕೆ ಯಂತ್ರ ಬರೋ ಹಾಗಿಲ್ಲ. ಸಹಿ ಹನ್ನೆರಡು ದಿನ ಆದ ಮೇಲೆ," ಎಂದು ಇಟ್ಟುಬಿಟ್ಟರು.

ಹನ್ನೆರಡು ನಿಮಿಷ ಕಾಯಲಾರದ ಮನುಷ್ಯ! ದಿನಾ ಬೆಳಗ್ಗೆ ಜೀಪಿನಲ್ಲಿ ತೇನಿಯಿಂದ ಬರುವುದು, ಚಪ್ಪರದ ಕೆಳಗೆ ಶತಪಥ ತಿರುಗುವುದು, ಕಾಯಿಗಳನ್ನು ಮುಟ್ಟಿ ನೋಡುವುದು, "ಬೆಳೆದಿದೆ ಅಲ್ವೇನಮ್ಮ?" ಎಂದು ಅತ್ತೆಯ ಪ್ರಾಣ ತಿನ್ನುವುದು. ಕೂರಿಸಿದರೆ ಕಾಲು ಕುಣಿತ. ಎಳೆ ಪಡವಲಕಾಯಿ ಡೊಂಕಾಗದಿರಲೆಂದು ತುದಿಗೆ ಕಲ್ಲು ಕಟ್ಟಿ ತೂಗಬಿಡುತ್ತಾರಲ್ಲ, ಅತ್ತೆ ಅದೇ ಕೆಲಸದಲ್ಲಿದ್ದಳು. ಮೂರನೇ ದಿನ ಅವಳಿಗೆ ಸಾಕಾಯಿತು. "ಲೇ, ಇವರ್ ಕಾಲ್ಗೂ ಒಂದು ಕಲ್ಲು ಕಟ್ಟುಡ್ರಾ. ಕೊಂಚ ನೆಟ್ಟಗಾಗ್ಲಿ!"

ದೊಡ್ಡ ಸಾರ್ ಬಿದ್ದು ಬಿದ್ದು ನಕ್ಕರು. ಆಮೇಲೆ ದಾರದುಂಡೆ ಇಸಿದುಕೊಂಡು ಕಲ್ಲು ಕಟ್ಟಲು ತಾವೇ ಕೂತರು. ಎರಡು ಕಾಯಿಗೆ ಬೆಣಚು, ಮೂರನೆಯದಕ್ಕೆ ಕೆಂಪು ಹರಳಿದ್ದ ಕಲ್ಲು, ಪ್ರತಿಯೊಂದಕ್ಕೂ ಹೆಸರು ಹೇಳಿ ಕಟ್ಟುವುದು. "ಕಲ್ಲು ಕಲ್ಲೇ ಸಾಮಿ. ಸೀಕ್ರ ಕಟ್ಟಿ," ಎಂದು ಅತ್ತೆ ಗದರಿಸುತ್ತಿದ್ದಳು. ಅದು ಮುಗಿದ ದಿನ ಸುಣ್ಣದ ಕಡ್ಡಿ ತಂದು, ಕಂಬಕ್ಕೊಂದರಂತೆ ಅಕ್ಷರ ಬರೆದು ನನ್ನನ್ನು ಸಾಲಿನುದ್ದಕ್ಕೂ ನಡೆಸಿದರು. ನಾನು ಕನ್ನಡ ಓದಲು ಕಲಿತದ್ದು ಹಾಗೆ, ತಲೆ ತಗ್ಗಿಸಿಕೊಂಡು, ಕಾಯಿಗಳನ್ನು ಸರಿಸಿಕೊಂಡು.

ಕೊನೆಯ ಕಾಯಿ ಇಳಿದ ಮರುದಿನ ಅತ್ತೆ ಹೇಳಿದ ಮಾತಿನಂತೆ ಮೊದಲ ಗಂಟನ್ನು ತಾನೇ ಬಿಚ್ಚಿದಳು. ತಂತಿಯನ್ನೆಲ್ಲ ಸುರುಳಿ ಸುತ್ತಿ ಹಳ್ಳದಾಚೆಗೆ ಸಾಗಿಸಿದೆವು. ನೆಲದ ಮೇಲೆ ಚೌಕಾಕಾರದ ಅಳತೆಯ ಕೇಬಲ್ ಹಾಸಿದೆವು. ತಂತಿ ಇದ್ದಾಗ ಮರುದನಿಯ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಈಗಿನ ಗೆರೆ ಚಾಪೆಯ ಹಾಗೆ ಮಲಗಿತು. ದೊಡ್ಡ ಸಾರ್ ಎರಡು ಸಲ, ಮೂರು ಸಲ ಅಳೆದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಿಮ್ಮ ಹೊಲದಡಿ ಏನೂ ಇಲ್ಲಮ್ಮ. ಬರೀ ಬಂಡೆ," ಅಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಪ್ಪಾಡ! ಬಂಡೆ ಇರ್ಲಿ," ಅಂದಳು.

ಯಂತ್ರ ಬರಲಿಲ್ಲ. ತಂತಿ ಮತ್ತೆ ಕಂಬಕ್ಕೇರಿತು, ಬೀಜದ ಗಂಟು ಅಟ್ಟದಿಂದ ಇಳಿಯಿತು. ದೊಡ್ಡ ಸಾರ್ ಅವರನ್ನು ಮಾತ್ರ ತಿಂಗಳೊಳಗೆ ನಮ್ಮ ತಂಡದಿಂದ ತೆಗೆದು ದೂರದ ಯಾವುದೋ ಶಿಬಿರಕ್ಕೆ, ಬೇರೊಬ್ಬರ ಕೈಕೆಳಗೆ ಹಾಕಿದರು. ಕಾರಣ ನನಗೆ ಆ ಹೊಲದ ಬಗ್ಗೆ ಅವರು ಕಳಿಸಿದ್ದ ವರದಿ ಓದಿದ ಮೇಲೆ ತಿಳಿಯಿತು. ಅದರಲ್ಲಿ ಅವರು ಬರೆದಿದ್ದರು: "ತಂತಿ ಚಪ್ಪರವನ್ನು ನಕ್ಷೆಯಲ್ಲಿ ಗುರುತಿಸದೆ ಬಿಟ್ಟದ್ದು ನನ್ನ ತಪ್ಪು." ಫೋನ್ ಮಾಡಿ, ಇದು ಸರಿಯಲ್ಲ ಸಾರ್ ಅಂದೆ. "ಹೊಸಬನ ಹೆಸರಿಗೆ ಒಂದು ಸಲ ಮಸಿ ಬಿದ್ರೆ ಹೋಗಲ್ಲ ಕಣಯ್ಯ. ನನ್ನ ಅಂಗಿ ಮೊದಲೇ ಕೊಳೆ. ಮುಂದೆ?" ಅಂದರು. ಕಚೇರಿಗೆ ನಾನು ನಿಜ ಬರೆಯಲಿಲ್ಲ. ಕೆಲಸ ಉಳಿಯಿತೆಂದು ಒಳಗೊಳಗೇ ಸಮಾಧಾನವೂ ಆಯಿತು. ಅದನ್ನು ನೆನೆದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಈಗ ದಿಂಡಿಗಲ್ ಸುತ್ತಿನ ಹಾರಾಟಕ್ಕೆ ನಾನೇ ಮುಖ್ಯಸ್ಥ. ಯಾವ ಹೊಲಕ್ಕೆ ಹೋದರೂ ಮೊದಲು ಕಂಬ ಎಷ್ಟು ಎಂದು ಕೇಳುತ್ತೇನೆ, ಆಮೇಲೆ ಬೆಳೆ. ಹಾಗೆ ಕೇಳುತ್ತ ನಿಂತಿದ್ದಾಗಲೇ ಹಳೆಯ ಸಹೋದ್ಯೋಗಿಯೊಬ್ಬರ ಫೋನ್ ಬಂತು. ದೊಡ್ಡ ಸಾರ್ ಶಿಬಿರದಲ್ಲಿ ನಡೆಯುತ್ತಿದ್ದವರು ಹಾಗೇ ಕುಸಿದರಂತೆ. ಎದೆಬಡಿತ ನಿಂತಿತಂತೆ. ಅಂದೇ ಬಸ್ಸು ಹತ್ತಿ ಊರಿಗೆ ಹೋಗಿ ಅತ್ತೆಗೆ ಹೇಳಿದೆ. ಅವಳು ಕಾಯಿಗೆ ಕಟ್ಟುತ್ತಿದ್ದ ಕಲ್ಲನ್ನು ಕೆಳಗಿಟ್ಟಳು. "ಆ ಕಾಲೂ ನಿಂತೋಯ್ತಾ?" ಅಂದಳು.

ಅವರು ಕಂಬಗಳ ಮೇಲೆ ಬರೆದು ಕಲಿಸಿದ ಅಕ್ಷರಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಆ ವರದಿಯಲ್ಲಿ ಒಂದು ವಾಕ್ಯ ಸುಳ್ಳು. ಚಪ್ಪರವನ್ನು ಬಿಟ್ಟವನು ನಾನು.