ಉತ್ತರಪತ್ರಿಕೆಯ ಮೇಲಿನ ಶ್ರೀ

ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಮೊದಲ ದಿನ ಡಿಫರೆನ್ಷಿಯಲ್ ಇಕ್ವೇಷನ್ಸ್ ಕಲಿಸಲು ಬಂದ ಪ್ರೊಫೆಸರರು ಬೋರ್ಡಿನ ಮೇಲೆ ಒಂದೇ ಒಂದು ಸಮೀಕರಣ ಬರೆಯಲಿಲ್ಲ. ತಾಸು ಮುಗಿಯುವವರೆಗೂ ನಿಯಮಗಳನ್ನೇ ಹೇಳಿದರು. ಗಂಟೆ ಹೊಡೆದು ಐದು ನಿಮಿಷಕ್ಕೆ ಬಾಗಿಲ ಚಿಲಕ ಬೀಳುತ್ತದೆ, ಆಮೇಲೆ ಬಂದವನು ಬಡಿಯಬಾರದು. ಹಾಜರಿ ಕಡಿಮೆಯಾದವನಿಗೆ ಟರ್ಮ್ ಸಿಗುವುದಿಲ್ಲ. ಟರ್ಮ್ ಸಿಗದವನು ಪರೀಕ್ಷೆಗೆ ಕೂಡುವಂತಿಲ್ಲ. ನಕಲು ಸಿಕ್ಕರೆ ನೋಟ್ಸಿನ ವಹಿ ಕೊಟ್ಟವನೂ ಹೋದ, ಇಸಿದುಕೊಂಡವನೂ ಹೋದ. ಬಂದ ಉತ್ತರವನ್ನು ತಿರುಗಿ ಸಮೀಕರಣದೊಳಗೆ ಹಾಕಿ ತಾಳೆ ನೋಡದವನು ಲೆಕ್ಕ ಬಿಡಿಸಿಯೇ ಇಲ್ಲ ಎಂದು ತಿಳಿಯಬೇಕು. ಉತ್ತರದಲ್ಲಿ ಬರಲೇಬೇಕಾದ ಸ್ಥಿರಾಂಕವನ್ನು, ಆ ಒಂದೇ ಅಕ್ಷರ ‘ಸಿ’ಯನ್ನು ಬಿಟ್ಟವನ ಲೆಕ್ಕಕ್ಕೆ ಸೊನ್ನೆ.

ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದವರು ಕೊನೆಯದನ್ನು ಮಾತ್ರ ಕನ್ನಡದಲ್ಲಿ ಹೇಳಿದರು.

“ಪರೀಕ್ಷಾದಾಗ ಉತ್ತರದ ಹಾಳಿ ಮ್ಯಾಲೆ ನಿಮ್ಮ ನಂಬರ್ ಬಿಟ್ಟು ಬ್ಯಾರೆ ಗುರುತು ಇರಬಾರದು. ನಿಮ್ಮ ಹೆಸರು ಬ್ಯಾಡ, ಮನಿದೇವರ ಹೆಸರೂ ಬ್ಯಾಡ. ಗುರುತು ಮಾಡ್ಯಾನ ಅಂತ ಪೇಪರ್ ರದ್ದ ಮಾಡತಾರ, ನೆನಪಿರಲಿ.”

ಎಲ್ಲರೂ ನಕ್ಕರು. ನಾನೂ ನಗುತ್ತ ಕೆಳಗೆ ನೋಡಿದೆ. ಎದುರಿಗಿದ್ದ ನನ್ನ ವಹಿಯ ನೆತ್ತಿಯ ಮೇಲೆ ಆಗಲೇ ‘ಶ್ರೀ’ ಕೂತಿತ್ತು. ಅದನ್ನು ಬರೆದದ್ದು ಯಾವಾಗ ಎಂಬುದೂ ನನಗೆ ನೆನಪಿರಲಿಲ್ಲ.

ಕಿತ್ತೂರಿನ ಹತ್ತಿರದ ದೇಗಾಂವ ನಮ್ಮ ಊರು. ಅಪ್ಪ ಹನುಮಪ್ಪನ ಗುಡಿಯ ಪೂಜಾರಿ, ಜೊತೆಗೆ ಪಂಚಾಂಗ ಹೇಳುವುದು, ಲಗ್ನಪತ್ರಿಕೆ ಬರೆಯುವುದು. ಪಾಟಿಯ ಮೇಲೆ ನನ್ನ ಕೈಹಿಡಿದು ತಿದ್ದಿಸಿದ ಮೊದಲ ಅಕ್ಷರವೇ ಅದು. “ಮೊದಲ ಶ್ರೀ, ಆಮ್ಯಾಲೆ ನೀನು” ಅನ್ನುತ್ತಿದ್ದರು. ನಮ್ಮಲ್ಲಿ ಶ್ರೀ ಇಲ್ಲದೆ ಬರುವುದು ಸಾವಿನ ಸುದ್ದಿಯ ಕಾಗದ ಒಂದೇ. ಅಂಥ ಕಾಗದವನ್ನು ಅಪ್ಪ ಹೊಸ್ತಿಲ ಆಚೆಗೇ ನಿಂತು ಓದಿ, ಹರಿದು, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಖಾಲಿ ನೆತ್ತಿಯ ಹಾಳೆ ಕಂಡರೆ ನನ್ನ ಕೈ ತಾನಾಗಿಯೇ ಹೋಗುತ್ತಿತ್ತು.

ವರ್ಷವಿಡೀ ಆ ಕೈಗೆ ಬುದ್ಧಿ ಕಲಿಸಲು ನೋಡಿದೆ. ಬೆಳಿಗ್ಗೆ ಕಿತ್ತೂರಿಗೆ ನಡೆದು, ಪುಣೆ ರಸ್ತೆಯಲ್ಲಿ ಬಸ್ಸು ಹಿಡಿದು ಧಾರವಾಡ ಮುಟ್ಟುವಷ್ಟರಲ್ಲಿ ಚಿಲಕದ ಭಯಕ್ಕೇ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧವನ್ನು ಈ ಶ್ರೀ ತಿನ್ನುತ್ತಿತ್ತು. ಒಮ್ಮೆ ಹಟ ಹಿಡಿದು ಹೊಸ ವಹಿಯಲ್ಲಿ ಒಂದು ಪುಟಕ್ಕೂ ಶ್ರೀ ಬರೆಯದೆ ಬಿಟ್ಟೆ. ಮರುದಿನ ಬಸ್ಸಿನಲ್ಲಿ ತೆರೆದು ನೋಡಿದರೆ ಪ್ರತಿ ಪುಟದ ಮೇಲೂ ಅಪ್ಪನ ದುಂಡು ಅಕ್ಷರದ ಶ್ರೀ. ಪಾಪ, ಮಗ ಮರೆತ ಎಂದುಕೊಂಡಿದ್ದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಬೈಲಹೊಂಗಲದಲ್ಲಿ ಹೊಸದಾಗಿ ತೆರೆದಿದ್ದ ಒಂದು ಹೈಸ್ಕೂಲಿನವರು ಜೂನ್‌ನಲ್ಲಿ ಗಣಿತ ಮಾಸ್ತರಿಕೆ ಕೊಡುತ್ತೇವೆ ಎಂದಿದ್ದರು, ಆದರೆ ಒಂದೇ ಏಟಿಗೆ ಪಾಸಾಗಿರಬೇಕು. ಇಲ್ಲವಾದರೆ ಮಡಿ ಉಟ್ಟು ಗುಡಿಯಲ್ಲಿ ನಿಲ್ಲುವುದೇ ನನಗಿದ್ದ ದಾರಿ. ಅಪ್ಪನಿಗೂ ಅದು ಬೇಕಿರಲಿಲ್ಲ. “ಈ ಗಂಟಿ ಬಾರ್ಸೂದು ನನಗ ಮುಗೀಲೆಪಾ, ನೀ ಸಾಲಿ ಕಲಸು” ಅನ್ನುತ್ತಿದ್ದರು.

ಪರೀಕ್ಷೆಯ ದಿನ ಉತ್ತರಪತ್ರಿಕೆ ಕೈಗೆ ಬಂತು. ನಂಬರು ಬರೆದೆ, ಪ್ರಶ್ನೆಗಳನ್ನು ಓದಿದೆ, ಮೊದಲನೆಯದು ಬರುತ್ತದೆ ಅಂತ ಹಿಗ್ಗಿ ಪುಟ ತಿರುವಿದೆ. ಕಣ್ಣು ಕೆಳಗಿಳಿದಾಗ ಪುಟದ ನಡುನೆತ್ತಿಯಲ್ಲಿ ಹಸಿ ಮಸಿಯ ಶ್ರೀ ಹೊಳೆಯುತ್ತಿತ್ತು.

ಒರೆಸಿದರೆ ಹರಡಿತು. ಒಂದು ಗೀಟು ಹೊಡೆದೆ. ಗೀಟಿನ ಕೆಳಗೆ ಇನ್ನೂ ಚೆನ್ನಾಗಿ ಕಾಣಿಸಿತು. ಕೊನೆಗೆ ಮಸಿ ಬಳಿದು ಬಳಿದು ಹುಣಸೆಬೀಜದಷ್ಟು ಕರಿಯ ಕಲೆ ಮಾಡಿದೆ. ಇದು ಶ್ರೀಗಿಂತ ದೊಡ್ಡ ಗುರುತಾಯಿತಲ್ಲ ಎಂದು ಹೊಳೆದದ್ದು ಆಮೇಲೆ. ಸೂಪರ್‌ವೈಜರರು ಹತ್ತಿರ ಬಂದಾಗಲೆಲ್ಲ ಅಂಗೈಯಿಂದ ಮುಚ್ಚಿಕೊಂಡೆ. ಎಡಗೈ ಕಲೆಯನ್ನು ಕಾಯುತ್ತಿತ್ತು, ಬಲಗೈ ಏನು ಬರೆಯುತ್ತಿದೆ ಎಂಬ ಖಬರು ನನಗಿರಲಿಲ್ಲ. ಮರಳುವ ಬಸ್ಸಿನಲ್ಲಿ ತೇಗೂರು ದಾಟುವಾಗ ಒಂದೊಂದೇ ನೆನಪಾಯಿತು: ಮೂರು ಲೆಕ್ಕಗಳಲ್ಲಿ ಸ್ಥಿರಾಂಕ ಬಿಟ್ಟಿದ್ದೆ. ಒಂದನ್ನೂ ತಾಳೆ ನೋಡಿರಲಿಲ್ಲ.

ಮನೆಯಲ್ಲಿ ಶ್ರೀಯ ಸಂಗತಿಯನ್ನಷ್ಟೇ ಹೇಳಿದೆ, ಸ್ಥಿರಾಂಕದ್ದನ್ನು ನುಂಗಿಬಿಟ್ಟೆ. ಅಪ್ಪ ಉಣ್ಣುತ್ತಿದ್ದ ಎಲೆಯ ಮುಂದೆಯೇ ಕೈ ತಡೆದರು. ಮರುದಿನ ಧೋತರ ಉಟ್ಟು, ಶಲ್ಯ ಹೊದ್ದು, ಬೇಡವೆಂದರೂ ಕೇಳದೆ ನನ್ನನ್ನು ಕರೆದುಕೊಂಡು ಧಾರವಾಡಕ್ಕೆ, ಪ್ರೊಫೆಸರರ ಮನೆಗೆ ಹೊರಟರು.

“ಬರ್ರಿ ಆಚಾರ್ಯರ, ಕೂಡ್ರಿ” ಎಂದರು ಪ್ರೊಫೆಸರರು. ಅಪ್ಪ ಕೂಡಲಿಲ್ಲ.

“ಹುಡುಗಂದು ತಪ್ಪಿಲ್ರಿ ಸಾಹೇಬ್ರ. ಪೇಪರ್ ಮ್ಯಾಲೆ ಅಂವಾ...”

“ತಡೀರಿ, ಪರೀಕ್ಷಾದ ಮಾತು ನನ್ನ ಮುಂದ ಆಡಬ್ಯಾಡ್ರಿ,” ಪ್ರೊಫೆಸರರು ಎದ್ದೇ ನಿಂತರು. “ಕಿವಿಗೆ ಬಿತ್ತಂದ್ರ ಮ್ಯಾಲಿನವರಿಗೆ ನಾ ಬರದು ತಿಳಸಬೇಕಾಗತದ. ವಶೀಲಿ ಹಚ್ಚಿದ್ದೂ ಗುನ್ಹೆನ ಅದ.”

ಅಪ್ಪ ಬಾಗಿಲ ಕಡೆ ಹೊರಳಿದರು. “ಕಲಿಸಿದಾಂವ ನಾನು, ಶಿಕ್ಷಾ ನನಗ ಆಗ್ಲಿ” ಎಂದು ಗೋಡೆಗೆ ಹೇಳುವಂತೆ ಹೇಳಿ, ಕೈಮುಗಿದು ಹೊರಗೆ ಬಂದರು. ಮಗನನ್ನು ಉಳಿಸಲು ಹೋಗಿ ಇನ್ನೊಂದು ಗುನ್ಹೆ ಮಾಡಿದೆನೇನೋ ಎಂಬ ದಿಗಿಲು ಅಂದಿನಿಂದ ಅವರಿಗೂ ಹತ್ತಿಕೊಂಡಿತು. ಫಲಿತಾಂಶದವರೆಗೆ ನಾವಿಬ್ಬರೂ ಟಪಾಲಿನವನ ಸೈಕಲ್ ಸಪ್ಪಳಕ್ಕೆ ಬೆಚ್ಚುತ್ತಿದ್ದೆವು. ಅಪ್ಪ ಪೂಜೆಯಲ್ಲಿ ಮಂತ್ರ ತಪ್ಪುವುದನ್ನು ನಾನು ಕೇಳಿದ್ದು ಆ ಎರಡು ತಿಂಗಳಲ್ಲೇ.

ಜೂನ್‌ನಲ್ಲಿ ಫಲಿತಾಂಶ ಬಂತು. ಆ ಒಂದು ಪೇಪರಿನಲ್ಲಿ ಫೇಲು. ಈ ಸಲ ಒಬ್ಬನೇ ಹೋಗಿ ಪ್ರೊಫೆಸರರ ಮುಂದೆ ನಿಂತು, ಶ್ರೀ ಬರೆದು ಮಸಿ ಬಳಿದದ್ದನ್ನು ಹೇಳಿದೆ. ಎಲ್ಲ ಮುಗಿದಿದ್ದರಿಂದ ಅವರು ಕೇಳಿಸಿಕೊಂಡರು, ನನ್ನ ಪೇಪರಿನ ಬಗ್ಗೆ ಆಗಲೇ ವಿಚಾರಿಸಿಯೂ ಇಟ್ಟಿದ್ದರು.

“ಮಸಿ ಕಲಿ ಬಗ್ಗೆ ಯಾರೂ ಏನೂ ಅಂದಿಲ್ಲ. ಪೇಪರ್ ಪೂರಾ ತಪಾಸ ಮಾಡ್ಯಾರ. ಲೆಕ್ಕದಾಗ ‘ಸಿ’ ಎಲ್ಲಿ ಹೋತು? ನಾ ವರ್ಷಾನಗಟ್ಲೆ ಬಡಕೊಂಡದ್ದು ಇದಕ್ಕನೇನು?”

ಆಮೇಲೆ ಅವರು ದನಿ ಇಳಿಸಿದರು. “ನಿಮ್ಮ ತಂದಿಯವರಿಗೆ ಹೇಳು, ಅವರದೇನೂ ತಪ್ಪಿಲ್ಲ ಅಂತ. ಹೇಳತೀ ಹೌದಿಲ್ಲೋ?”

ಹೇಳುತ್ತೇನೆ ಎಂದೆ. ಧಾರವಾಡದಿಂದ ಕಿತ್ತೂರಿನವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅಪ್ಪ ಗುಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು. ನನ್ನ ಮುಖ ನೋಡುತ್ತಲೇ ಎದ್ದರು.

“ನನ್ನಿಂದನ ಆತಲ್ಲೋ?” ಎಂದು ಕೇಳಿದರು. “ಲೆಕ್ಕಾ ಎಲ್ಲಾ ಬರೋಬರಿ ಇದ್ವು, ಹೌದಲ್ಲೋ?”

ಶಾಣ್ಯಾ ಮಗನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದವರು. ಆ ಎರಡನೆಯ ಪ್ರಶ್ನೆಗೆ ಇಲ್ಲವೆನ್ನುವ ಧೈರ್ಯ ನನಗೆ ಬರಲಿಲ್ಲ. ಹೂಂ ಎಂದೆ.

ಅಕ್ಟೋಬರದಲ್ಲಿ ಪಾಸಾದೆ. ಬೈಲಹೊಂಗಲದ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಕಟಕೋಳದಲ್ಲಿ ಮಾಸ್ತರಿಕೆ ಸಿಕ್ಕಿತು. ರಜೆಗೆ ಊರಿಗೆ ಹೋದಾಗ ಗುಡಿಗೆ ಬಂದವರ ಮುಂದೆ ಅಪ್ಪ ಹೇಳುವುದು ಕಿವಿಗೆ ಬೀಳುತ್ತಿತ್ತು. “ಹುಡುಗಾ ಶಾಣ್ಯಾನ ಇದ್ದಾನ್ರಿ. ಅವನ ಒಂದ ವರ್ಷ ಹಾಳ ಮಾಡಿದಾಂವ ನಾನು.” ನಾನು ಅಲ್ಲೇ ಬಾವಿಯ ಹತ್ತಿರ ಕಾಲು ತೊಳೆಯುತ್ತ ನಿಂತಿರುತ್ತಿದ್ದೆ. ಕಾಲು ಸ್ವಚ್ಛವಾದ ಮೇಲೂ ನೀರು ಹಾಕುತ್ತಲೇ ಇರುತ್ತಿದ್ದೆ. ‘ಸಿ’ ಬಿಟ್ಟ ಸಂಗತಿಯನ್ನು ಅಪ್ಪ ತೀರಿಹೋಗುವವರೆಗೂ ಹೇಳಲಿಲ್ಲ.