ಬಲಗಡೆ ಹೆಂಡತಿ ಕಡ್ಡಾಯ

ಗೆಳೆಯರೇ, ನಾನೂ ಸುರೇಶನೂ ಸಂಗಾತಿಗಳಾಗಿ ಇಂದಿಗೆ ಇಪ್ಪತ್ತು ವರ್ಷ. ಸಾಗರ ಬಸ್ ಸ್ಟ್ಯಾಂಡಿನ ಹೊಸ ಡಿಜಿಟಲ್ ಪರದೆಯಲ್ಲಿ ಶುಭಾಶಯ ಹಾಕಿಸೋಣವೆಂದು ನಮ್ಮ ಫೋಟೊ ಕೊಟ್ಟೆ.

ಪರದೆ ನೋಡಿಕೊಳ್ಳುವವ ತಲೆ ಕೆರೆದುಕೊಂಡ. "ಆನಿವರ್ಸರಿ ಡಿಸೈನಲ್ಲಿ ಎಡಕ್ಕೆ ಗಂಡ, ಬಲಕ್ಕೆ ಹೆಂಡ್ತಿ ಅಷ್ಟೇ ಸಾರ್. ಇಬ್ರು ಗಂಡಸ್ರು ಅಕ್ಕಪಕ್ಕ ಬರೋದು ಎಲೆಕ್ಷನ್ ಡಿಸೈನಲ್ಲಿ ಮಾತ್ರ."

"ಅದ್ರಲ್ಲೇ ಹಾಕ್ರಿ," ಅಂದೆ.

ಮೊದಲು ಅಲ್ಲಿ ಬಣ್ಣದಲ್ಲಿ ಬರೆದ ಬಸ್ ವೇಳಾಪಟ್ಟಿಯ ಹಲಗೆಯಿತ್ತು. ತೀರ್ಥಹಳ್ಳಿ ಬಸ್ಸು ಹುಡುಕುವ ನೆಪದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. ಕಣ್ಣೆದುರೇ ಎಷ್ಟು ಬಸ್ಸು ಹೋದವೋ! ಆ ಹಲಗೆ ನಮ್ಮನ್ನು ಏನೂ ಕೇಳುತ್ತಿರಲಿಲ್ಲ.

ಇವತ್ತು ಅದೇ ಜಾಗದ ಪರದೆಯಲ್ಲಿ, ಮತ ಕೇಳುವವರಂತೆ ಇಬ್ಬರೂ ಹೊಳೆದೆವು. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು, "ಯಾವ ಪಾರ್ಟಿಯವ್ರಪ್ಪ ಇವ್ರು?" ಅಂದರು.

ನನ್ನ ಪಕ್ಕ ನಿಂತಿದ್ದ ಸುರೇಶ ಹೇಳಿದ: "ಬೇಕಂತಲೇ ಬಸ್ಸು ತಪ್ಪಿಸ್ಕೊಳ್ಳೋರ ಪಾರ್ಟಿ, ಅಜ್ಜಿ."